ಕಾಡ್ಗಿಚ್ಚಿನ ಹೊಗೆ ಮತ್ತು ತಾಯಿಯ ಉಸಿರು

ಬೇಸಿಗೆಯಲ್ಲಿ ಎಲೆಯುದುರಿ ಒಣಗಿದ ಕಾಡಿಗೆ ಬೆಂಕಿ ಬಿದ್ದರೆ ಮರಗಿಡಗಳು ಮಾತ್ರ ಸುಡುವುದಿಲ್ಲ. ಸುತ್ತಣ ಜನರು ಉಸಿರಾಡುವ ಗಾಳಿಯೂ ಕೆಡುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುದನ್ನು ನಮ್ಮ ನಾಡಿನ ಜನ ಮರೆತಿಲ್ಲ. ಬೆಂಕಿಯು ಕಾಡಿನಲ್ಲಿಯೇ ಆರಿದರೂ ಹೊಗೆಯು ಅಲ್ಲಿಯೇ ನಿಲ್ಲುವುದಿಲ್ಲ. 2023ರ ಜೂನ್ ತಿಂಗಳಿನಲ್ಲಿ ಕೆನಡಾ ದೇಶದ ಕಾಡ್ಗಿಚ್ಚಿನ ಹೊಗೆಯು ನೂರಾರು ಕಿಲೋಮೀಟರ್ ಸಾಗಿ ಅಮೆರಿಕದ ನ್ಯೂಯಾರ್ಕ್ ನಗರವನ್ನು ಮುಸುಕಿತ್ತು.

ಹೊಗೆಯಲ್ಲಿ ಸೂಕ್ಷ್ಮ ಕಣಗಳಲ್ಲದೆ ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಮೊದಲಾದ ಅನಿಲಗಳಿರುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿನೊಡನೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಕೂಡಿಕೊಳ್ಳುತ್ತದೆ. ಆಗ ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ. ಗರ್ಭಿಣಿಯು ಉಸಿರಾಡಿದ ಈ ಅನಿಲವು ಗರ್ಭಸ್ಥ ಶಿಶುವಿನ ರಕ್ತವನ್ನೂ ಸೇರುತ್ತದೆ.

ಕಣ್ಣಿಗೆ ಕಾಣದುದನ್ನು ಅಳೆಯುವುದು ಹೇಗೆ? ಪ್ರತಿಯೊಂದು ಅನಿಲವೂ ಬೆಳಕಿನ ಕೆಲವು ನಿರ್ದಿಷ್ಟ ಅಲೆಗಳನ್ನು ಹೀರುತ್ತದೆ. 2017ರ ಅಕ್ಟೋಬರಿನಲ್ಲಿ ಯುರೋಪಿನ ದೇಶಗಳು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹವು, ಭೂಮಿಯಿಂದ ಪ್ರತಿಫಲಿಸಿ ಬರುವ ಬಿಸಿಲಿನಲ್ಲಿ ಯಾವ ಅಲೆ ಎಷ್ಟು ಕುಂದಿದೆ ಎಂಬುದರಿಂದ ಅನಿಲದ ಪ್ರಮಾಣವನ್ನು ತಿಳಿಸುತ್ತದೆ.

ಆದರೆ ನಾಳೆ ಹೊಗೆಯು ಯಾವ ಊರನ್ನು ಮುಟ್ಟುವುದೆಂಬುದನ್ನು ಲೆಕ್ಕದಿಂದಲೇ ತಿಳಿಯಬೇಕು. ಇದಕ್ಕಾಗಿ ವಿಜ್ಞಾನಿಗಳು ವಾಯುಮಂಡಲವನ್ನು ತೋಟದ ಪಾತಿಗಳಂತೆ ಸಣ್ಣ ಭಾಗಗಳಾಗಿ ವಿಂಗಡಿಸುತ್ತಾರೆ. ಬೆಂಕಿಯ ಶಾಖವನ್ನು ಅಳೆದು, ಎಷ್ಟು ಮರಗಿಡ ಉರಿಯಿತು, ಎಷ್ಟು ಅನಿಲ ಹೊರಟಿತು ಎಂದು ಅಂದಾಜು ಮಾಡುತ್ತಾರೆ. ನೀರು ಪಾತಿಯಿಂದ ಪಾತಿಗೆ ಹರಿಯುವಂತೆ ಗಾಳಿಯು ಆ ಅನಿಲವನ್ನು ಒಂದು ಭಾಗದಿಂದ ಮತ್ತೊಂದಕ್ಕೆ ಒಯ್ಯುವುದನ್ನು ಗಣಕಯಂತ್ರವು ಲೆಕ್ಕ ಹಾಕುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಕೆಲವೇ ಗಂಟೆಗಳಲ್ಲಿ ಮಾರ್ಪಡುತ್ತದೆ. ಕಾರ್ಬನ್ ಮಾನಾಕ್ಸೈಡ್ ವಾರಗಟ್ಟಲೆ ಉಳಿಯುತ್ತದೆ. ಆದುದರಿಂದ ಹೊಗೆ ಸಾಗಿದ ದೂರದ ದಾರಿಯನ್ನು ಗುರುತಿಸಲು ಅದೇ ಅನುಕೂಲ. ಈ ಲೆಕ್ಕವನ್ನು ಉಪಗ್ರಹದ ಅಳತೆಯೊಡನೆ ಹೋಲಿಸಿ ತಿದ್ದುತ್ತಾರೆ.

ಮುನ್ಸೂಚನೆ ತಲಪುವವರೆಗೆ ಕಾಯಬೇಡಿರಿ. ಕಾಡಿನ ಹೊಗೆ ಊರಿನತ್ತ ಬರುವುದು ಕಂಡೊಡನೆ ಗರ್ಭಿಣಿಯರನ್ನೂ ಮಕ್ಕಳನ್ನೂ ವೃದ್ಧರನ್ನೂ ಹೊಗೆಯಿಲ್ಲದ ಕಡೆಗೆ ಕಳುಹಿಸಿರಿ. ಅದು ಸಾಧ್ಯವಾಗದಿದ್ದರೆ ಬಾಗಿಲು ಕಿಟಕಿಗಳನ್ನು ಮುಚ್ಚಿ ಒಳಗಿರಿಸಿರಿ. ಮುಚ್ಚಿದ ಮನೆಯಲ್ಲಿ ಸೌದೆಯ ಒಲೆಯನ್ನಾಗಲಿ ಕೆಂಡವನ್ನಾಗಲಿ ಇಡಬೇಡಿರಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಈ ಅನಿಲವು ತಡೆಯಲ್ಪಡುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಕಂಡುಬಂದರೆ ಕೂಡಲೇ ಶುದ್ಧ ಗಾಳಿಗೆ ಕರೆತಂದು ವೈದ್ಯರಲ್ಲಿಗೆ ಕರೆದೊಯ್ಯಿರಿ.

ಒಂಬತ್ತು ತಿಂಗಳ ಕಾಲ ಶಿಶುವು ಬದುಕುವುದು ತಾಯಿಯ ಉಸಿರಿನಿಂದಲೇ. ಆ ಉಸಿರನ್ನು ಕಾಯುವುದು ಪತಿಪತ್ನಿಯರಿಬ್ಬರ ಹೊಣೆ.