ನರ್ಸಿಂಗ್ ಮುಗಿಸಿದ ಮಗಳು ಇನ್ನೂ ಓದುತ್ತೇನೆಂದರೆ



ಕ್ರಿಸ್ಮಸ್ ಕಳೆದ ಮೊದಲ ಭಾನುವಾರ, ಬಲಿಪೂಜೆ ಮುಗಿದ ಮೇಲೆ, ಗುಲಾಬಿ ಬೆಳೆಯುವ ಹಿರಿಯರೊಬ್ಬರು ಗುರುಮನೆಯ ಜಗಲಿಯಲ್ಲಿ ನಮಗಾಗಿ ಕಾದು ಕುಳಿತಿದ್ದರು. ಕೈಯಲ್ಲಿ ಮಗಳ ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ. "ಸ್ವಾಮಿ, ನಾಲ್ಕು ವರ್ಷ ಬೆಂಗಳೂರಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿಸಿದ್ವಿ. ಸಾಲ ಇನ್ನೂ ತೀರಿಲ್ಲ. ಈಗ ಎಂ.ಎಸ್ಸಿ. ಓದ್ತೀನಿ ಅಂತಾಳೆ. ಗಂಡು ನೋಡ್ಬೇಕೋ, ಕಾಲೇಜು ನೋಡ್ಬೇಕೋ, ನೀವೇ ಹೇಳಿ" ಎಂದರು. ನಾವು ಥಟ್ಟನೆ ಉತ್ತರ ಕೊಡಲಿಲ್ಲ. ಮಗಳನ್ನೇ ಕರೆದುಕೊಂಡು ಬನ್ನಿ ಎಂದೆವು.

ಮುಂದಿನ ವಾರ ಮಗಳು ಬಂದಳು. "ಯಾಕಮ್ಮ ಇನ್ನೂ ಓದಬೇಕು?" ಎಂದು ಕೇಳಿದೆವು. "ಸೇವೆ ಮಾಡೋಕೆ ಫಾದರ್" ಎಂದಳು. ಸಂದರ್ಶನಕ್ಕೆ ಹೋಗುವ ನೂರಕ್ಕೆ ನೂರು ಮಂದಿ ಹೇಳುವ ಉತ್ತರವಿದು. ಅದು ಬೇಡ, ನೀನು ಕಣ್ಣಾರೆ ಕಂಡದ್ದನ್ನು ಹೇಳು ಎಂದಾಗ ಅವಳು ಒಂದು ರಾತ್ರಿಯ ವಿಷಯ ಹೇಳಿದಳು.

ಟೊಮೇಟೊ ತೋಟಕ್ಕೆ ಔಷಧಿ ಹೊಡೆದವನನ್ನು ಮನೆಯವರು ಬಿಸಿಲಿನ ಸುಸ್ತು ಎಂದು ತಿಳಿದು ಆಸ್ಪತ್ರೆಗೆ ತಂದಿದ್ದರು. ಇವಳು ನೋಡಿದರೆ ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಏನು ಹೊಡೆದಿರಿ ಎಂದರೆ ಯಾರಿಗೂ ಹೆಸರು ಗೊತ್ತಿಲ್ಲ, ಬಾಟಲಿ ತೋಟದಲ್ಲೇ ಬಿದ್ದಿದೆ. ಡಾಕ್ಟರರನ್ನು ಓಡಿಹೋಗಿ ಕರೆದಳು, ಅಟ್ರೋಪಿನ್ ಶುರುವಾಯಿತು, ಬೆಳಗಿನವರೆಗೂ ನಾಡಿ ಎಣಿಸುತ್ತಾ ಕುಳಿತಳು. ಮನುಷ್ಯ ಉಳಿದ. ಎರಡು ತಿಂಗಳಿಗೆ ಅದೇ ಮನುಷ್ಯ ಅದೇ ಸ್ಥಿತಿಯಲ್ಲಿ ಮತ್ತೆ ಬಂದ! "ಬಂದವರನ್ನ ನೋಡ್ಕೊಳ್ಳೋದು ಗೊತ್ತು ಫಾದರ್. ಎರಡನೇ ಸಲ ಬರದ ಹಾಗೆ ಊರಲ್ಲಿ ಏನು ಮಾಡ್ಬೇಕು ಅನ್ನೋದನ್ನ ನಾನು ಸರಿಯಾಗಿ ಕಲಿತಿಲ್ಲ" ಎಂದಳು. ತಂದೆ ತಲೆ ತಗ್ಗಿಸಿದರು. ಪಾಲಿಹೌಸಿನ ಒಳಗೆ ಮೂಗಿಗೆ ಬಟ್ಟೆಯೂ ಇಲ್ಲದೆ ಔಷಧಿ ಹೊಡೆಯುವವರಲ್ಲಿ ಅವರೂ ಒಬ್ಬರು.

ಈ ಅಂಕಣ ಹೊಲಕ್ಕೂ ಆರೋಗ್ಯಕ್ಕೂ ಸೇರಿದ್ದರಿಂದ ಎರಡು ಮಾತು ಇಲ್ಲೇ ಹೇಳಿಬಿಡುತ್ತೇವೆ. ಆರ್ಗನೋಫಾಸ್ಫರಸ್ ಜಾತಿಯ ಕೀಟನಾಶಕಗಳು ನರಗಳಿಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಜೊಲ್ಲು, ಬೆವರು, ಕಫ ಒಂದೂ ನಿಲ್ಲುವುದಿಲ್ಲ, ಕೊನೆಗೆ ಉಸಿರೇ ಕಟ್ಟುತ್ತದೆ. ಚರ್ಮದಿಂದಲೂ ವಿಷ ಒಳಗೆ ಇಳಿಯುತ್ತದೆ. ಔಷಧಿ ಬಿದ್ದ ಬಟ್ಟೆ ತೆಗೆದು ಸಾಬೂನು ನೀರಿನಿಂದ ಮೈ ತೊಳೆಯಿರಿ. ತೊಳೆಯುವವರು ಕೈಗೆ ಗವಸು ಹಾಕಿಕೊಳ್ಳಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ.

ಈಗ ಓದಿನ ವಿಷಯ. ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಓದು. ಶಸ್ತ್ರಚಿಕಿತ್ಸೆ-ವೈದ್ಯಕೀಯ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಹೆರಿಗೆ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಂದು ಐದು ವಿಭಾಗಗಳಿವೆ. ಈ ಹುಡುಗಿ ಬಯಸುವುದು ಕೊನೆಯದು. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬೇಕಾದರೂ ಈ ಪದವಿ ಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಬಿ.ಎಸ್ಸಿ.ಯಲ್ಲಿ ಒಟ್ಟು ಶೇಕಡ 55 ಅಂಕ, ನರ್ಸ್ ಮತ್ತು ಸೂಲಗಿತ್ತಿ ಎಂಬ ನೋಂದಣಿ, ಒಂದು ವರ್ಷದ ಕೆಲಸದ ಅನುಭವ ಇರಲೇಬೇಕು. ಕೆಲವೆಡೆ 55 ಸಾಲದು, ಇನ್ನೂ ಹೆಚ್ಚು ಕೇಳುತ್ತಾರೆ. ಜಿ.ಎನ್.ಎಂ. ಓದಿದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿ ಈ ದಾರಿಗೆ ಬರಬಹುದು.

ಒಂದು ವರ್ಷ ಎಂದರೆ ಪೂರ್ತಿ ಒಂದು ವರ್ಷ. ಈ ಹುಡುಗಿ ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು. ಫೆಬ್ರವರಿ 14ರ ಗುಲಾಬಿ ಕೊಯ್ಲಿಗೆ ಆಳು ಸಿಗುವುದಿಲ್ಲ, ಕೆಲಸ ಬಿಟ್ಟು ಬರಲಿ ಎಂದು ತಂದೆಯ ಎಣಿಕೆ. (ಪ್ರೇಮಿಗಳ ದಿನವೆಂದು ಲೋಕ ಕುಣಿಯುವಾಗ ನಮ್ಮ ಹೊಸೂರಿನ ಮನೆಗಳಲ್ಲಿ ಯಾರಿಗೂ ನಿದ್ದೆಯಿಲ್ಲ!) ನಾವು ಖಂಡಿತ ಬೇಡ ಎಂದೆವು. ಎರಡು ತಿಂಗಳ ಆಳುಕೂಲಿ ಉಳಿಸಲು ಹೋದರೆ ಅರ್ಜಿ ಮೊದಲ ಮೆಟ್ಟಿಲಲ್ಲೇ ಬಿದ್ದುಹೋಗುತ್ತದೆ.

ಅರ್ಜಿ ಎಲ್ಲಿ ಹಾಕಬೇಕು? ದೂರ ಹೋಗಬೇಕಾಗಿಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಮಾನಸಿಕ ಶುಶ್ರೂಷೆಗೆ ಅದೇ ದೊಡ್ಡ ಪೀಠ. ಕೋರಮಂಗಲದಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ಇದೆ. ಕೃಷ್ಣಗಿರಿಯಿಂದ ಚೆನ್ನೈ ಹೆದ್ದಾರಿ ಹಿಡಿದರೆ ವೆಲ್ಲೂರಿನ ಸಿ.ಎಂ.ಸಿ.; ಅಲ್ಲಿ ನರ್ಸಿಂಗ್ ಶಾಲೆ 1909ರಲ್ಲೂ, ಬಿ.ಎಸ್ಸಿ. 1946ರಲ್ಲೂ ಆರಂಭವಾದವು. ತಮಿಳುನಾಡಿನ ಸರಕಾರಿ ಸೀಟುಗಳಿಗೆ ಚೆನ್ನೈಯ ಆಯ್ಕೆ ಸಮಿತಿ ಅರ್ಜಿ ಕರೆಯುತ್ತದೆ. ದೆಹಲಿಯ ಏಮ್ಸ್‌ಗೆ ಅಖಿಲ ಭಾರತ ಪ್ರವೇಶ ಪರೀಕ್ಷೆಯಿದೆ. ಒಂದೊಂದು ಕಡೆ ಒಂದೊಂದು ತಿಂಗಳು ಕೊನೆಯ ದಿನ. ಆಯಾ ವರ್ಷದ ಕೈಪಿಡಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಹೋದ ವರ್ಷದ ನಿಯಮ ಈ ವರ್ಷ ಇರಲೇಬೇಕೆಂದಿಲ್ಲ.

ಗಡಿಯಲ್ಲಿರುವ ನಮಗೆ ಒಂದು ವಿಶೇಷ ತೊಡಕುಂಟು. ಮನೆ ತಮಿಳುನಾಡಿನಲ್ಲಿ, ಮಾತು ಕನ್ನಡ, ಓದು ಕರ್ನಾಟಕದಲ್ಲಿ. ಬೆಂಗಳೂರಿನಲ್ಲಿ ಓದಿದವರ ನೋಂದಣಿ ಕರ್ನಾಟಕ ನರ್ಸಿಂಗ್ ಪರಿಷತ್ತಿನಲ್ಲಿರುತ್ತದೆ. ತಮಿಳುನಾಡಿಗೆ ಬರುವುದಾದರೆ ಇಲ್ಲಿನ ಪರಿಷತ್ತಿನಲ್ಲೂ ನೋಂದಾಯಿಸಬೇಕು. ಅಲ್ಲಿಂದ ನಿರಾಕ್ಷೇಪಣಾ ಪತ್ರ ತರಲು ತಡವಾಗಬಹುದು, ಮೊದಲೇ ಹೊರಡಿ. ಜಾತಿ ಪ್ರಮಾಣಪತ್ರದ ಕಥೆಯೂ ಹೀಗೆಯೇ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ತಮಿಳುನಾಡಿನಲ್ಲಿ ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದಾರೆ, ಕರ್ನಾಟಕದಲ್ಲಿ ಪ್ರವರ್ಗ ಒಂದರಲ್ಲಿದ್ದಾರೆ. ಆದರೆ ಇಲ್ಲಿನ ತಹಶೀಲ್ದಾರರ ಪತ್ರ ತೋರಿಸಿ ಅಲ್ಲಿ ಮೀಸಲಾತಿ ಕೇಳಲಾಗದು. ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಕಣ್ಣೀರು ಕಂಡಿದ್ದೇವೆ.

ಇನ್ನು ಹೆಸರು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು, ಜ್ಞಾನಸ್ನಾನದ ಪುಸ್ತಕದಲ್ಲಿ ಸಂತರ ಹೆಸರು, ಮನೆಯಲ್ಲಿ ಕರೆಯುವುದು ಬೇರೊಂದು. ಕಥೋಲಿಕ ಸಂಸ್ಥೆಗಳಲ್ಲಿ ಜ್ಞಾನಸ್ನಾನದ ಪತ್ರ ಕೇಳುತ್ತಾರೆ. ನಾಲ್ಕು ಕಾಗದದಲ್ಲಿ ನಾಲ್ಕು ಹೆಸರಿದ್ದರೆ ಅವರು ಯಾರೆಂದು ನಂಬಬೇಕು?

ಶಿಫಾರಸು ಪತ್ರದ ವಿಷಯದಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಹುಡುಗಿಗೆ "ಸದ್ಗುಣವಂತೆ, ಗಾಯನವೃಂದದಲ್ಲಿ ಹಾಡುತ್ತಾಳೆ, ತಪ್ಪದೆ ಪೂಜೆಗೆ ಬರುತ್ತಾಳೆ" ಎಂದು ಬರೆದುಕೊಟ್ಟೆವು. ಅದೂ ಕೊನೆಯ ದಿನದ ಹಿಂದಿನ ಸಂಜೆ, ಅವಳು ಮೂರು ಸಲ ಅಲೆದ ಮೇಲೆ. ಸಂದರ್ಶನದಿಂದ ಬಂದವಳು "ಪತ್ರ ಓದಿ ಪಕ್ಕಕ್ಕಿಟ್ಟರು ಫಾದರ್" ಎಂದಳು. ಅವಳ ಕೆಲಸದ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಸೀಟು ಸಿಗಲಿಲ್ಲ. ಅದು ನಮ್ಮ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತದೆ. ಆದ್ದರಿಂದ ಪತ್ರವನ್ನು ಮೊದಲು ವಾರ್ಡಿನ ಮೇಲ್ವಿಚಾರಕರಿಂದ, ಪಾಠ ಹೇಳಿದವರಿಂದ ಕೇಳಿ. ನಮ್ಮಲ್ಲಿಗೆ ಬರುವುದಾದರೆ ಮೂರು ವಾರ ಮೊದಲೇ ಬಂದು ನೀವು ಮಾಡಿದ ಕೆಲಸವನ್ನು ಹೇಳಿ.

ವೆಲ್ಲೂರಿನಂಥ ಕಡೆ ಸಭೆಗಳ ಪ್ರಾಯೋಜನೆಯಿಂದ ಬರುವವರಿಗೂ ಅವಕಾಶವಿದೆ. ಹಾಗೆ ಓದಿದವರು ಆಮೇಲೆ ಮಿಷನ್ ಆಸ್ಪತ್ರೆಯಲ್ಲಿ ನಿಗದಿತ ಕಾಲ ದುಡಿಯಬೇಕು. ಮದುವೆ ಮಾತಾಡುವವರು ಈ ಕರಾರನ್ನು ಗಂಡಿನ ಮನೆಯವರಿಗೆ ಮೊದಲೇ ತಿಳಿಸಿ. ಹಣಕ್ಕಾಗಿ ದಲ್ಲಾಳಿಯ ಮಾತು ಕೇಳಿ ಹೊಲ ಮಾರಬೇಡಿ. ಬ್ಯಾಂಕಿನ ವಿದ್ಯಾಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಹಳೆಯ ಸಾಲವಿದ್ದರೆ ಕಂತು ತಪ್ಪುವ ಮೊದಲೇ ಮ್ಯಾನೇಜರರನ್ನು ಕಾಣಿರಿ. ಕಾಲೇಜಿನ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಹೆಚ್ಚು ಓದಿದ ನರ್ಸಿನಿಂದ ಹಳ್ಳಿಗೇನು ಲಾಭ ಎಂದು ಆ ಹಿರಿಯರು ಕೇಳಿದರು. ಅಮೇರಿಕದ ಕೊಲರಾಡೊದಲ್ಲಿ 1965ರಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ, ವೈದ್ಯರು ಸಿಗದ ಕಡೆಯ ಮಕ್ಕಳನ್ನು ತಾವೇ ಪರೀಕ್ಷಿಸಬಲ್ಲ ನರ್ಸ್‌ಗಳ ತರಬೇತಿ ಆರಂಭಿಸಿದರು. ಇಂದು ಆ ದೇಶದಲ್ಲಿ ಅಂಥ ನರ್ಸ್‌ಗಳು ಔಷಧಿ ಚೀಟಿಯನ್ನೂ ಬರೆಯುತ್ತಾರೆ. ನಮ್ಮಲ್ಲಿ ಅಷ್ಟು ಅಧಿಕಾರ ಬಂದಿಲ್ಲ. ಆದರೆ 2022ರ ಜನವರಿಯಲ್ಲಿ ಕೃಷ್ಣಗಿರಿಗೇ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಕಲಿತವರು ಮನೆಯ ಹತ್ತಿರವೇ ದುಡಿಯುವ ಕಾಲ ದೂರವಿಲ್ಲ.

ಹಿರಿಯರು ಕೊಯ್ಲಿಗೆ ಆಳು ಗೊತ್ತುಮಾಡಿದ್ದಾರೆ. ಮಗಳು ಮಾರ್ಚಿನವರೆಗೆ ಆಸ್ಪತ್ರೆಯಲ್ಲೇ ಇರುತ್ತಾಳೆ. ಗಂಡು ನೋಡುವ ಮಾತು ಇನ್ನೂ ಇತ್ಯರ್ಥವಾಗಿಲ್ಲ.

ಅರ್ಜಿ ಹಾಕುವವರು ಶನಿವಾರ ಸಂಜೆ ಜಪಸರದ ನಂತರ ಗುರುಮನೆಗೆ ಬರಬಹುದು. ಮೂಲ ಪತ್ರಗಳನ್ನೂ ಎರಡೆರಡು ಜೆರಾಕ್ಸ್ ಪ್ರತಿಗಳನ್ನೂ ತನ್ನಿ. ಜ್ಞಾನಸ್ನಾನದ ಪತ್ರ ಬೇಕಾದವರು ಜ್ಞಾನಸ್ನಾನವಾದ ವರ್ಷ ಮತ್ತು ದೇವಾಲಯದ ಹೆಸರು ಬರೆದು ತಂದರೆ ಪುಸ್ತಕ ಹುಡುಕಲು ಸುಲಭ.