ಹಾಲಿನ ಪಾಸ್‌ಪುಸ್ತಕದಂತೆ ದವಾಖಾನೆಯ ಚೀಟಿಗಳನ್ನೂ ಜೋಪಾನ ಮಾಡಿರಿ



ಸಂಘಕ್ಕೆ ಹಾಕಿದ ಹಾಲು ಎಷ್ಟು ಲೀಟರು, ಜಿಡ್ಡು ಎಷ್ಟು ಎಂಬುದನ್ನು ನೀವು ತಪ್ಪದೆ ಬರೆಸಿಕೊಳ್ಳುತ್ತೀರಿ. ಬಟವಾಡೆಯ ದಿನ ಒಂದು ಲೀಟರು ಕಡಿಮೆ ಕಂಡರೂ ಪುಸ್ತಕ ತೆಗೆದು ಕೇಳುತ್ತೀರಿ. ಹಸುವಿನ ಕಿವಿಯ ಓಲೆಯಲ್ಲಿ 12 ಅಂಕಿಯ ಸಂಖ್ಯೆಯಿದ್ದು, ಅದರ ಲಸಿಕೆ, ಗರ್ಭಧಾರಣೆಗಳು ಆ ಸಂಖ್ಯೆಯ ಮೇಲೆ ದಾಖಲಾಗುತ್ತವೆ. ಆದರೆ ಮನೆಯ ಹಿರಿಯರಿಗೆ ಹೋದ ವರ್ಷ ಯಾವ ಗುಳಿಗೆ ಕೊಟ್ಟಿದ್ದರು, ಸೊಸೆಯ ರಕ್ತದ ಗುಂಪು ಯಾವುದು ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ.

ಇದು ಏಕೆ ಮುಖ್ಯ?

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳು ಗಡಿಗೆ ಹತ್ತಿರದವು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ, ನಂತರ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬೀದರಿನ ಬ್ರಿಮ್ಸ್ ಅಥವಾ ಕಲಬುರಗಿ. ಕೆಲವರು ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಅಲ್ಲಿನ ವೈದ್ಯರಿಗೆ ನಿಮ್ಮ ಹಿಂದಿನ ಚಿಕಿತ್ಸೆ ತಿಳಿಯದು, ಭಾಷೆಯೂ ಬೇರೆ. ಆಗ ಚೀಟಿಯೇ ನಿಮ್ಮ ಪರವಾಗಿ ಮಾತನಾಡಬೇಕು. ಅದಿಲ್ಲದಿದ್ದರೆ ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕಾದೀತು. ಹಣದ ಮಾತು ಹಾಗಿರಲಿ, ಪೆನಿಸಿಲಿನ್ ಒಗ್ಗದವರಿಗೆ ತಿಳಿಯದೆ ಅದೇ ಸೂಜಿ ಹಾಕಿದರೆ ಜೀವಕ್ಕೇ ಅಪಾಯ.

ದನ ಸಾಕುವವರಿಗೆ ಇನ್ನೊಂದು ಕಾರಣವಿದೆ. ದನಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ರೋಗವು, ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಿಂದ ಎತ್ತಿದವರಿಗೆ ಮತ್ತು ಕಾಯಿಸದ ಹಾಲು ಕುಡಿದವರಿಗೆ ತಗಲಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣಗಳು. ಬೇರೆ ಜ್ವರಗಳಂತೆಯೇ ಕಾಣುವುದರಿಂದ, ನೀವು ದನ ಸಾಕುವವರೆಂದು ವೈದ್ಯರಿಗೆ ಗೊತ್ತಾಗದಿದ್ದರೆ ರೋಗ ಗುರುತಿಸುವುದು ತಡವಾಗುತ್ತದೆ.

ಏನೇನು ಇಟ್ಟುಕೊಳ್ಳಬೇಕು?

ಮನೆಯ ಪ್ರತಿಯೊಬ್ಬರಿಗೂ ಒಂದೊಂದು ರಟ್ಟಿನ ಫೈಲು ಮಾಡಿರಿ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು, ಒಗ್ಗದ ಔಷಧಿ, ದಿನನಿತ್ಯದ ಗುಳಿಗೆಗಳು ಮತ್ತು "ದನ ಸಾಕಣೆ, ಹಾಲು ಕರೆಯುವ ಕೆಲಸ" ಎಂದು ಬರೆಯಿರಿ. ಒಗ್ಗದ ಔಷಧಿಯನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಹೆಸರು ಆಧಾರ್ ಮತ್ತು ಪಡಿತರ ಚೀಟಿಯಲ್ಲಿದ್ದಂತೆಯೇ ಇರಲಿ. ನಂತರ ಇವುಗಳನ್ನು ತಾರೀಖಿನ ಪ್ರಕಾರ ಜೋಡಿಸಿರಿ:

1. ವೈದ್ಯರ ಚೀಟಿಗಳು, ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳು.
2. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಕಾರ್ಡು.
3. ಮಕ್ಕಳ ಲಸಿಕೆಯ ಕಾರ್ಡು ಮತ್ತು ಗರ್ಭಿಣಿಯ ತಾಯಿ ಕಾರ್ಡು. ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡು ಜೊತೆಗೇ ಹೋಗಬೇಕು.
4. ನಾಯಿ ಕಚ್ಚಿದಾಗ ಹಾಕಿಸಿದ ಸೂಜಿಗಳ ಚೀಟಿ. ಮುಂದಿನ ಸೂಜಿಯ ತಾರೀಖು ಅದರಲ್ಲಿರುತ್ತದೆ, ಒಂದನ್ನೂ ತಪ್ಪಿಸಕೂಡದು.

ಇ.ಸಿ.ಜಿ.ಯ ನುಣುಪು ಕಾಗದದ ಅಕ್ಷರ ಕಾಲಕ್ರಮೇಣ ಮಾಸಿಹೋಗುತ್ತದೆ. ಕೂಡಲೇ ಝೆರಾಕ್ಸ್ ಮಾಡಿಸಿರಿ. ಎಕ್ಸ್‌ರೇ ಹಾಳೆಯನ್ನು ಮಡಚಬೇಡಿರಿ. ಫೈಲನ್ನು ಒಲೆ, ತೇವ, ಇಲಿಗಳಿಂದ ದೂರವಿಡಿರಿ. ಅದಿರುವ ಜಾಗ ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಲಿ.

ಕೇಳಿ ಪಡೆಯುವುದು ನಿಮ್ಮ ಹಕ್ಕು

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು. ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಪಡೆಯಿರಿ.

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು 2018ರಲ್ಲಿ ನಿಂತು, 2023ರ ಜನವರಿಯಿಂದ ಸಹಕಾರಿ ಸದಸ್ಯರಿಗೆ ಮತ್ತೆ ದೊರೆಯಿತು. ಸದಸ್ಯತ್ವದ ರಸೀದಿ, ಕಾರ್ಡುಗಳನ್ನೂ ಅದೇ ಫೈಲಿನಲ್ಲಿಡಿರಿ. ನವೀಕರಣದ ಬಗ್ಗೆ ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ವಿಚಾರಿಸಿರಿ.

ಗುಟ್ಟು ಕಾಪಾಡಿರಿ

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಟಲ್ ಆರೋಗ್ಯ ಯೋಜನೆಯಲ್ಲಿ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಾರೆ. ಅದರ ಮೂಲಕ ವರದಿಗಳನ್ನು ಮೊಬೈಲಿನಲ್ಲಿ ಜೋಡಿಸಿಡಬಹುದು. ಇದು ಕಡ್ಡಾಯವಲ್ಲ. ನಿಮ್ಮ ಒಪ್ಪಿಗೆಯಿಂದ ಮಾತ್ರ ವೈದ್ಯರು ಅವನ್ನು ನೋಡಬೇಕು. ಆಭಾ ಸಂಖ್ಯೆ ಬೇರೆ, ಚಿಕಿತ್ಸೆಯ ಖರ್ಚು ಭರಿಸುವ ಆಯುಷ್ಮಾನ್ ಕಾರ್ಡು ಬೇರೆ ಎಂಬುದು ನೆನಪಿರಲಿ.

ಫೋನಿಗೆ ಬಂದ ಓ.ಟಿ.ಪಿ.ಯನ್ನು ಅಪರಿಚಿತರಿಗೆ ಹೇಳಬೇಡಿರಿ. ಮಧ್ಯವರ್ತಿಗಳ ಕೈಗೆ ಮೂಲ ಪ್ರತಿ ಕೊಡಬೇಡಿರಿ, ಝೆರಾಕ್ಸ್ ಸಾಕು. ಮನೆಯವರ ವರದಿಯನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿರಿ. ಕ್ಷಯವಿರಲಿ, ಗರ್ಭಕ್ಕೆ ಸಂಬಂಧಿಸಿದ ತೊಂದರೆಯಿರಲಿ, ಒಮ್ಮೆ ಹೊರಬಿದ್ದ ಮಾತು ಹೆಣ್ಣುಮಕ್ಕಳ ಬಾಳಿಗೆ ಮುಳ್ಳಾಗಬಹುದು.

ಈ ಕೆಲಸಕ್ಕೆ ಕೆಲವು ಫೈಲುಗಳು ಮತ್ತು ಒಂದು ಸಂಜೆಯ ಬಿಡುವು ಸಾಕು. ಹಾಲು ಹಾಕಿ ಬಂದ ಮೇಲೆ ಟ್ರಂಕು, ಗೂಡುಗಳಲ್ಲಿರುವ ಚೀಟಿಗಳನ್ನೆಲ್ಲ ಹೊರತೆಗೆದು ಇಂದೇ ಆರಂಭಿಸಿರಿ.