ಕಂದು ಸೀಸೆಯ ಔಷಧಿಯೂ ಇಂಗಾಲದ ವಿದ್ಯುದಗ್ರವೂ

ಮುಂಬಯಿಯ ಚಾಳುಗಳಲ್ಲಾಗಲಿ ಉಪನಗರಗಳ ವಸತಿಗಳಲ್ಲಾಗಲಿ, ಮಕ್ಕಳಿರುವ ಮನೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಕಂದು ಸೀಸೆಯೊಂದು ಇರುವುದುಂಟು. ಗಾಯದ ಮೇಲೆ ಉಕ್ಕುವ ನೊರೆಯನ್ನು ಕಂಡು, ಕ್ರಿಮಿಗಳು ಸಾಯುತ್ತಿವೆಯೆಂದು ಹಲವರು ಭಾವಿಸುತ್ತಾರೆ. ಆದರೆ ರಕ್ತದಲ್ಲಿಯೇ ಇರುವ ಕ್ಯಾಟಲೇಸ್ ಎಂಬ ಕಿಣ್ವವು ಈ ದ್ರವವನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದೇ ನೊರೆಗೆ ಕಾರಣ. ಪದೇಪದೇ ಹಚ್ಚಿದರೆ ಮಾಯುತ್ತಿರುವ ಅಂಗಾಂಶಕ್ಕೂ ಹಾನಿಯಾಗುತ್ತದೆ. ಆಳವಾದ ಗಾಯದೊಳಕ್ಕೆ ಸುರಿಯುವುದಂತೂ ಅಪಾಯಕರ. ಅನಿಲದ ಗುಳ್ಳೆಗಳು ರಕ್ತನಾಳವನ್ನು ಸೇರಬಹುದು. ತರಚುಗಾಯಕ್ಕೆ ಶುದ್ಧ ನೀರು, ಸಾಬೂನು ಸಾಕು.

1818ರಲ್ಲಿ ಫ್ರಾನ್ಸಿನ ಥೆನಾರ್ ಕಂಡುಹಿಡಿದ ಈ ವಸ್ತುವಿನ ಅಣುವಿನಲ್ಲಿ, ನೀರಿಗಿಂತ ಒಂದು ಆಮ್ಲಜನಕ ಪರಮಾಣು ಹೆಚ್ಚಿಗೆ ಇದೆ. ಅದನ್ನು ಬಿಟ್ಟುಕೊಡುವ ಆತುರವೇ ಇದರ ಗುಣ, ಇದರ ದೋಷ. ಬೆಳಕು, ಶಾಖ, ತುಕ್ಕು ಯಾವುದು ತಗುಲಿದರೂ ಇದು ಒಡೆಯುತ್ತದೆ. ಭಾರತದಲ್ಲಿ ಇದರ ತಯಾರಿಕೆಗೆ ಮೊದಲಿಗರಲ್ಲಿ ಒಂದಾದ ನ್ಯಾಷನಲ್ ಪೆರಾಕ್ಸೈಡ್ ಸಂಸ್ಥೆ 1954ರಲ್ಲಿ ಸ್ಥಾಪಿತವಾಗಿ, ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ ಕಾರ್ಖಾನೆ ಹೂಡಿತು. ಬಟ್ಟೆ, ಕಾಗದಗಳನ್ನು ಬಿಳುಪು ಮಾಡಲು ಇದರ ಬಳಕೆ ಹೆಚ್ಚು. ದೊಡ್ಡ ಕಾರ್ಖಾನೆಗಳು ಸಾಮಾನ್ಯವಾಗಿ ಇದನ್ನು ಶೇಕಡಾ 50ರಷ್ಟು ಸಾಂದ್ರವಾಗಿ ಟ್ಯಾಂಕರುಗಳಲ್ಲಿ ಕಳುಹಿಸುತ್ತವೆ. ಮನೆಯ ಸೀಸೆಯಲ್ಲಿರುವುದಾದರೋ ಅದಕ್ಕಿಂತ ಬಹಳ ತೆಳುವಾದುದು. ಇಷ್ಟು ಉಗ್ರವಾದುದನ್ನು ದೂರ ಸಾಗಿಸಿ, ಬಳಿಕ ನೀರು ಬೆರೆಸಿ ತೆಳುಗೊಳಿಸುವ ಬದಲು, ಬೇಕಾದಲ್ಲಿಯೇ ತಯಾರಿಸಬಾರದೇಕೆ?

ಇಲ್ಲಿಯೇ ವಿದ್ಯುದಗ್ರದ ಪಾತ್ರ. ಹಿಂದೆ ಗಂಧಕಾಮ್ಲದಲ್ಲಿ ಪ್ಲಾಟಿನಂ ಧನಾಗ್ರವನ್ನಿರಿಸಿ ಇದನ್ನು ತಯಾರಿಸುತ್ತಿದ್ದರು. ವಿದ್ಯುತ್ತಿನ ಖರ್ಚು ವಿಪರೀತವಾದುದರಿಂದ ಆಂಥ್ರಾಕ್ವಿನೋನ್ ವಿಧಾನವು ಅದನ್ನು ಹಿಂದಿಕ್ಕಿತು. ಹೊಸ ಮಾರ್ಗದಲ್ಲಿ ಕೆಲಸ ನಡೆಯುವುದು ಋಣಾಗ್ರದಲ್ಲಿ. ಆಮ್ಲಜನಕದ ಅಣು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದರೆ ಬರಿಯ ನೀರಾಗುತ್ತದೆ, ಎರಡಕ್ಕೇ ನಿಂತರೆ ಪೆರಾಕ್ಸೈಡ್ ಆಗುತ್ತದೆ. ಪ್ಲಾಟಿನಂ ಸಾಮಾನ್ಯವಾಗಿ ನಾಲ್ಕನ್ನೂ ಕೊಟ್ಟುಬಿಡುತ್ತದೆ; ಅಗ್ಗದ ಇಂಗಾಲವು ಬಹುಮಟ್ಟಿಗೆ ಎರಡಕ್ಕೇ ನಿಲ್ಲಿಸುತ್ತದೆ. ದುಬಾರಿ ಲೋಹಕ್ಕಿಂತ ಮಸಿಯೇ ಮೇಲೆನಿಸುವ ಪ್ರಸಂಗವಿದು!

ತೊಡಕೆಂದರೆ, ಒಂದು ಲೀಟರು ನೀರಿನಲ್ಲಿ ಕರಗುವ ವಾಯುವಿನ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಆದುದರಿಂದ ಸೂಕ್ಷ್ಮರಂಧ್ರಗಳ ಇಂಗಾಲದ ಹಾಳೆಗೆ ನೀರೊಲ್ಲದ ಟೆಫ್ಲಾನ್ ಬೆರೆಸಿ, ಒಂದು ಬದಿಗೆ ಗಾಳಿಯನ್ನೂ ಇನ್ನೊಂದು ಬದಿಗೆ ದ್ರವವನ್ನೂ ತಾಗಿಸುತ್ತಾರೆ. ಹೀಗೆ ಅಂಗೈಯಗಲದ ಹಾಳೆಯೊಳಗೆ ಅದಕ್ಕಿಂತ ಬಹುಪಾಲು ವಿಸ್ತಾರವಾದ ಕ್ರಿಯಾತಲ ಅಡಗುತ್ತದೆ. ಇಂಥ ಪುಟ್ಟ ಕೋಶಗಳಿಂದ ಸಾಮಾನ್ಯವಾಗಿ ದೊರೆಯುವುದು ತೆಳುವಾದ ದ್ರಾವಣ; ಕೊಳಕು ನೀರಿನ ಸಂಸ್ಕರಣಕ್ಕೆ ಅದು ಸಾಕು. ಆದರೆ ಕಾಲಕ್ರಮದಲ್ಲಿ ರಂಧ್ರಗಳಿಗೆ ನೀರು ನುಗ್ಗಿ ಗಾಳಿಯ ದಾರಿ ಕಟ್ಟುತ್ತದೆ. ಸಂಶೋಧಕರು ಈಗ ಹೆಣಗುತ್ತಿರುವುದು ಹೆಚ್ಚಾಗಿ ಈ ಹಾಳೆಯ ಬಾಳಿಕೆಗಾಗಿಯೇ.